ಗಾಲಿಯ ಮೇಲೊಂದು ಮನೆ

ಮನೆಯನ್ನು ಬಿಟ್ಟು ಹೊರಡುವುದೇ ಪ್ರವಾಸವೆಂಬುದು ಸಾಮಾನ್ಯ ತಿಳಿವಳಿಕೆ. ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಹೊರಡುವ ಬಗೆಯೂ ಒಂದುಂಟು. ಹಿಂದೆ ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಎತ್ತಿನ ಗಾಡಿ ಹೂಡಿಕೊಂಡು ಬರುತ್ತಿದ್ದ ರೈತರು ತಂಗಲು ಛತ್ರವನ್ನು ಹುಡುಕುತ್ತಿರಲಿಲ್ಲ. ಹಗಲು ಗಾಡಿಯ ಮುಂದೆ ವ್ಯಾಪಾರ, ಸಂಜೆ ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ, ರಾತ್ರಿ ಗಾಡಿಯ ಕೆಳಗೆ ನಿದ್ರೆ. ಮನೆತನಗಳ ವಂಶಾವಳಿಯನ್ನು ಹೇಳುತ್ತ ಊರೂರು ತಿರುಗುವ ಹೆಳವರ ಸಂಸಾರವೂ ಬಹುಕಾಲ ಎತ್ತುಗಳ ಹಿಂದೆಯೇ ಸಾಗಿತು. ಪಶ್ಚಿಮ ದೇಶದವರು ಇಂಥ ಗಾಡಿಗೆ ಯಂತ್ರವನ್ನು ಜೋಡಿಸಿ, ಒಳಗೆ ಮಂಚ, ಒಲೆ, ನೀರಿನ ತೊಟ್ಟಿಗಳನ್ನಿರಿಸಿ, ಅದಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರಿಟ್ಟರು.

ಈ ವ್ಯಾನಿನ ಮೋಹಕ್ಕೆ ಸಿಕ್ಕಿದವರಲ್ಲಿ ಜಯನಗರದ ನಿವೃತ್ತ ಎಂಜಿನಿಯರರೊಬ್ಬರು ಉಂಟು. ಮೆಡಿಟರೇನಿಯನ್ ಸಮುದ್ರದ ದಂಡೆಯುದ್ದಕ್ಕೂ, ಸ್ಪೇನಿನ ಬಾರ್ಸಿಲೋನದಿಂದ ಫ್ರಾನ್ಸಿನ ನೀಸ್ ನಗರವನ್ನು ಹಾದು ಇಟಲಿಯ ಜಿನೋವದವರೆಗೆ, ಇಂಥದೊಂದು ವ್ಯಾನಿನಲ್ಲಿ ಒಬ್ಬರೇ ಹೋಗಬೇಕೆಂಬುದು ಅವರ ಬಹುದಿನದ ಬಯಕೆ. ಅದಕ್ಕಾಗಿ ಪುಸ್ತಕಗಳನ್ನು ಓದಿದ್ದರು; ನಕ್ಷೆಗಳನ್ನು ಗೋಡೆಗೆ ಅಂಟಿಸಿದ್ದರು. ಏಕೆ ಒಬ್ಬರೇ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: “ಯಾರ ಹಂಗೂ ಇರಬಾರದು.” ಹೋಟೆಲಿನವನ ಹಂಗು, ನೆಂಟರ ಹಂಗು, ರೈಲಿನ ವೇಳಾಪಟ್ಟಿಯ ಹಂಗು, ಇವೆಲ್ಲ ಕಳೆದರೇ ಪ್ರವಾಸ ಪ್ರವಾಸವಾಗುತ್ತದೆಂದು ಅವರು ನಂಬಿದ್ದರು. ದುಡಿದು, ದಣಿದು, ನೂರು ಜನರ ಮರ್ಜಿ ಹಿಡಿದು ಬದುಕಿದವರಿಗೆ ಇಂಥ ಆಸೆ ಹುಟ್ಟುವುದು ಸಹಜವೇ.

ಆದರೆ ಮೆಡಿಟರೇನಿಯನ್ ದೂರದ ಮಾತಾಯಿತು. ಕೊನೆಗೆ ಅವರು ಆರಿಸಿಕೊಂಡದ್ದು ಕರ್ನಾಟಕದ ಕರಾವಳಿಯನ್ನು. ಕೇರಳದ ಗಡಿಯ ತಲಪಾಡಿಯಿಂದ ಗೋವೆಯ ಗಡಿಯ ಮಾಜಾಳಿಯವರೆಗೆ, ಕಡಲನ್ನು ಹೆಚ್ಚುಕಡಿಮೆ ಎಡಗೈಯಲ್ಲೇ ಹಿಡಿದುಕೊಂಡು ಉತ್ತರಕ್ಕೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ ಅದು. ಸರಕು ಸಾಗಿಸುವ ಹಳೆಯ ವ್ಯಾನೊಂದನ್ನು ಕೊಂಡು ಜೆ.ಪಿ. ನಗರದ ಒಂದು ಗ್ಯಾರೇಜಿನಲ್ಲಿ ಒಳಗೆಲ್ಲ ಹಲಗೆ ಹೊಡೆಸಿದರು. ವಾಹನದ ರೂಪವನ್ನು ಬದಲಿಸಲು ಸಾರಿಗೆ ಇಲಾಖೆಯ ಒಪ್ಪಿಗೆ ಬೇಕು. ಅದಕ್ಕಾಗಿ ಕೆಲವು ತಿಂಗಳು ಅಲೆದದ್ದೂ ಆಯಿತು. ಹಂಗಿಲ್ಲದ ಪ್ರಯಾಣಕ್ಕೆ ಮೊದಲು ಎಷ್ಟು ಜನರ ಸಹಿ ಬೇಕಾಯಿತೆಂಬುದನ್ನು ಅವರು ಲೆಕ್ಕವಿಟ್ಟಂತೆ ತೋರುವುದಿಲ್ಲ. ಜನವರಿಯ ಒಂದು ಬೆಳಗ್ಗೆ ರಾಗಿಗುಡ್ಡದ ಆಂಜನೇಯನ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ, ಅರುವತ್ತು ಲೀಟರು ನೀರು ತುಂಬಿಕೊಂಡು ಹೊರಟರು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರನ್ನು ಸೇರಿದಾಗ ರಾತ್ರಿಯಾಗಿತ್ತು.

ಮಂಗಳೂರಿಗೂ ಮೆಡಿಟರೇನಿಯನ್ ತೀರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಇಂದಿನ ಟುನೀಸಿಯ ದೇಶದಲ್ಲಿ ಮಹದಿಯ ಎಂಬ ಊರು ಆ ಸಮುದ್ರದ ದಡದಲ್ಲೇ ಇದೆ. ಅಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 12ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ನೆಲಸಿದನು. ಇಲ್ಲಿಯೇ ಹಿತ್ತಾಳೆ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು. ಆಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿ ಅವಳೊಡನೆ ಸಂಸಾರ ಹೂಡಿದನು. ಏಡನ್ ಬಂದರಿನ ಗೆಳೆಯರು ಅವನಿಗೆ ಬರೆಯಲು ಕಾಗದ, ತಿನ್ನಲು ಸಕ್ಕರೆ ಮತ್ತು ಒಣದ್ರಾಕ್ಷಿ ಕಳುಹುತ್ತಿದ್ದರು. ಅವನು ಇಲ್ಲಿಂದ ಮೆಣಸು, ಅಡಿಕೆ ಕಳುಹುತ್ತಿದ್ದನು. ಈ ಕಾಗದಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರವೊಂದರ ಉಗ್ರಾಣದಲ್ಲಿ ಏಳುನೂರು ವರ್ಷಕ್ಕೂ ಮೇಲ್ಪಟ್ಟು ಉಳಿದುಬಂದುವು. ಗಾಳಿಯನ್ನೂ ಗೆಳೆಯರನ್ನೂ ನಂಬಿ ಬಂದ ಒಂಟಿ ಪಯಣಿಗನ ಬದುಕು ಅದು. ಒಬ್ಬರಿಗೊಬ್ಬರು ಹಂಗಿಗರಾಗದಿದ್ದರೆ ಒಂದು ದಿನವೂ ನಡೆಯುತ್ತಿರಲಿಲ್ಲ.

ಎಂಜಿನಿಯರರ ಮನಸ್ಸು ಅಂದು ಅತ್ತ ಹೊರಳಲಿಲ್ಲ. ಉಡುಪಿ, ಕುಂದಾಪುರಗಳನ್ನು ದಾಟಿದರು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅಲ್ಲಿ ತಾಸುಗಟ್ಟಲೆ ನಿಂತರು. ಸಂಜೆಯಾಗುತ್ತಿದ್ದಂತೆ ಇನ್ನೂ ಉತ್ತರಕ್ಕೆ ಹೋಗಿ, ಹೆದ್ದಾರಿಯನ್ನು ಬಿಟ್ಟು ಮೀನುಗಾರರ ಚಿಕ್ಕ ಕೇರಿಯೊಂದರ ಪಕ್ಕದಿಂದ ನೇರವಾಗಿ ಮರಳಿಗೆ ವ್ಯಾನನ್ನು ಇಳಿಸಿದರು. ನೀರು ದೂರದಲ್ಲಿತ್ತು. ಮರಳು ಗಟ್ಟಿಯಾಗಿತ್ತು. ಪುಸ್ತಕದ ಚಿತ್ರದಲ್ಲಿ ಕಂಡಂತೆಯೇ ಕಡಲಿಗೆ ಮುಖ ಮಾಡಿ ಮನೆ ನಿಂತಿತು.

ಒಣಮೀನನ್ನು ಬುಟ್ಟಿಗೆ ತುಂಬುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, “ಎಲ್ಲಾಯ್ತ್ ನಿಮ್ಗೆ?” ಎಂದಳು.

“ಎಲ್ಲ ಆಯಿತಮ್ಮ. ಊಟವೊಂದು ಬಾಕಿ. ಅದನ್ನೂ ನಾನೇ ಮಾಡಿಕೊಳ್ಳುತ್ತೇನೆ.”

ಮುದುಕಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಕುಂದಾಪುರದ ಕಡೆಯ ಕನ್ನಡದಲ್ಲಿ ‘ಎಲ್ಲಾಯ್ತು’ ಎಂದರೆ ಎಲ್ಲವೂ ಆಯಿತೇ ಎಂದಲ್ಲ, ನಿಮ್ಮ ಊರು ಯಾವುದು ಎಂದು. “ಊರು ಕೇಳಿದ್ದು ಮಾರಾಯ್ರೆ” ಎಂದು ಬಿಡಿಸಿ ಹೇಳಿದ ಮೇಲೆ, “ಇಲ್ಲಿ ಗಾಡಿ ನಿಲ್ಲಿಸಬೇಡಿ. ಇವತ್ತು ಹುಣ್ಣಿಮೆ. ನಮ್ಮ ಅಂಗಳಕ್ಕೆ ತನ್ನಿ” ಎಂದಳು. ಅವರು ಕೈಮುಗಿದು, “ಪರವಾಗಿಲ್ಲಮ್ಮ, ನಿಮಗೇಕೆ ತೊಂದರೆ?” ಎಂದರು. ಅಂಗಳವೆಂದರೆ ಹಂಗು. ಹುಣ್ಣಿಮೆಯೆಂದರೆ ಬೆಳುದಿಂಗಳು, ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡರು.

ಅವರು ಓದಿದ್ದ ಪುಸ್ತಕಗಳಲ್ಲಿ ಹುಣ್ಣಿಮೆಯ ಮಾತಿರಲಿಲ್ಲ. ಅದಕ್ಕೊಂದು ಕಾರಣವುಂಟು. ಮೆಡಿಟರೇನಿಯನ್ ಸಮುದ್ರ ಸುತ್ತಲೂ ನೆಲದಿಂದ ಆವೃತವಾದದ್ದು. ಮಹಾಸಾಗರಕ್ಕೆ ಅದರ ಬಾಗಿಲೆಂದರೆ ಜಿಬ್ರಾಲ್ಟರ್ ಜಲಸಂಧಿ, ಅದರ ಅಗಲ ತೀರ ಕಿರಿದಾದ ಎಡೆಯಲ್ಲಿ ಸುಮಾರು 14 ಕಿಲೋಮೀಟರು ಮಾತ್ರ. ಆದುದರಿಂದ ಅಲ್ಲಿಯ ಬಹುಪಾಲು ತೀರಗಳಲ್ಲಿ ಉಬ್ಬರವಿಳಿತ ಒಂದು ಮೊಳವನ್ನೂ ಮುಟ್ಟದು. ಸಂಜೆ ಕಂಡ ದಡ ಬೆಳಗ್ಗೆಯೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಅರಬ್ಬೀ ಸಮುದ್ರದ ಎದೆ ತೆರೆದದ್ದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿ ಕೆಲಸ ಮಾಡುವಾಗ, ಕರ್ನಾಟಕದ ತೀರದಲ್ಲಿ ನೀರು ಇಳಿತದ ಮಟ್ಟಕ್ಕಿಂತ ಒಂದೂವರೆ ಎರಡು ಮೀಟರಿನಷ್ಟು ಮೇಲೇರುತ್ತದೆ. ಇಳುಕಲಾದ ಮರಳಿನ ಮೇಲೆ ಅಷ್ಟು ಎತ್ತರವೆಂದರೆ ಬಹಳ ದೂರ. ಅವರು ವ್ಯಾನನ್ನು ನಿಲ್ಲಿಸಿದ್ದು ಇಳಿತದ ಹೊತ್ತಿನಲ್ಲಿ.

ರಾತ್ರಿ ಹತ್ತರ ಸುಮಾರಿಗೆ ಎಚ್ಚರವಾದಾಗ ಅಲೆಯ ಸದ್ದು ತಲೆದಿಂಬಿನ ಹತ್ತಿರವೇ ಇತ್ತು. ಬಾಗಿಲು ತೆರೆದರೆ ಮೆಟ್ಟಿಲಿನ ಕೆಳಗೆ ನೊರೆ. ಯಂತ್ರವನ್ನು ಚಾಲೂ ಮಾಡಿ ಹಿಂದಕ್ಕೆ ತೆಗೆಯಲು ನೋಡಿದರು. ಗಾಲಿಗಳು ತಿರುಗಿದಷ್ಟೂ ಒದ್ದೆ ಮರಳಿನಲ್ಲಿ ಹೂತುಕೊಂಡುವು. ಅಲೆಯೊಂದು ಬಂದು ಗಾಲಿಯ ಅರ್ಧದವರೆಗೆ ನೆನೆಸಿ ಹಿಂದೆ ಸರಿಯಿತು. ಭರತ ತುಂಬಲು ಇನ್ನೂ ಒಂದೂವರೆ ಎರಡು ಗಂಟೆಯಿತ್ತು. ನಲವತ್ತು ವರ್ಷ ಯಂತ್ರಗಳೊಡನೆ ಬಾಳಿದ ಆ ಮನುಷ್ಯರು ಒಂದು ಕ್ಷಣ ಏನೂ ತೋಚದೆ ನಿಂತರು. ಆಮೇಲೆ ಕೇರಿಯಲ್ಲಿ ಉರಿಯುತ್ತಿದ್ದ ಒಂದೇ ಒಂದು ದೀಪದ ಕಡೆಗೆ ಓಡಿದರು.

ದೀಪ ಮುದುಕಿಯ ಮನೆಯದು. ಅವಳು ಬಯ್ಯಲಿಲ್ಲ; ಬಯ್ಯಲು ಹೊತ್ತೂ ಇರಲಿಲ್ಲ. ಅವಳ ಕೂಗಿಗೆ ಮನೆ ಮನೆಯ ಬಾಗಿಲು ತೆರೆದು ಇಪ್ಪತ್ತು ಮಂದಿ ಸೇರಿದರು. ಇಬ್ಬರು ಗುದ್ದಲಿಯಿಂದ ಗಾಲಿಯ ಹಿಂದಿನ ಮರಳನ್ನು ತೋಡಿದರು. ಒಬ್ಬ ದೋಣಿಯನ್ನು ಜಾರಿಸುವ ಹಲಗೆಗಳನ್ನು ತಂದು ಕೆಳಗೆ ಕೊಟ್ಟ. ಉಳಿದವರು ಬಲೆ ಎಳೆಯುವ ಹಗ್ಗವನ್ನು ವ್ಯಾನಿನ ಹಿಂಬದಿಗೆ ಬಿಗಿದರು. “ನೀವು ಒಳಗೆ ಕೂತು ತಿರುಗಣೆ ನೇರವಾಗಿ ಹಿಡಿಯಿರಿ. ಬೇರೇನೂ ಮಾಡಬೇಡಿ” ಎಂದು ಒಬ್ಬ ಹಿರಿಯ ಅಪ್ಪಣೆ ಕೊಟ್ಟ. ಒಬ್ಬರು ಹಾಡಿನ ಎಳೆ ಎತ್ತಿದರು, ಉಳಿದವರು ಕೈಗೂಡಿಸಿದರು. ಮೂರನೆಯ ಎಳೆತಕ್ಕೆ ವ್ಯಾನು ಅಲುಗಿತು. ಹತ್ತನೆಯದಕ್ಕೆ ತೆಂಗಿನ ಬುಡದಲ್ಲಿತ್ತು.

ಆ ಹಗ್ಗದ ವಿಷಯವನ್ನು ಸ್ವಲ್ಪ ಹೇಳಬೇಕು. ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆಯುಂಟು. ದೋಣಿ ಅದನ್ನು ಹೊತ್ತು ಕಡಲಿನೊಳಗೆ ಹೋಗಿ ಅರ್ಧಚಂದ್ರಾಕಾರವಾಗಿ ಬಿಡುತ್ತ ಮತ್ತೆ ದಡ ಸೇರುತ್ತದೆ. ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ದಡದಿಂದ ಎಳೆಯಬೇಕು. ಹತ್ತಾರು ಮನೆಯವರು ಕೂಡಿ ಕಟ್ಟಿಕೊಂಡ ತಂಡಕ್ಕೆ ಒಂದು ಬಲೆ. ಬಂದ ಮೀನು ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದುವು. ದಡಕ್ಕೆ ಬರುವ ಮೀನನ್ನು ಅವು ಆಳದಲ್ಲೇ ಬಳಿದುವು. ದೊಡ್ಡ ರಂಪಣಿ ಮೂಲೆ ಸೇರಿತು. ಅದರ ಕಿರಿಯ ರೂಪವಾದ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಒಬ್ಬನಿಂದ ಎಂದೂ ಎಳೆಯಲಾಗದ ಬಲೆ ಅದು.

ಎಂಜಿನಿಯರರು ಹಣದ ಚೀಲಕ್ಕೆ ಕೈಹಾಕಿದರು. ಹಿರಿಯ ತಲೆಯಾಡಿಸಿದ. “ದುಡ್ಡು ಬೇಡ. ಬೆಳಿಗ್ಗೆ ಬಲೆ ಎಳೆಯಲಿಕ್ಕೆ ಜನ ಕಡಿಮೆ ಉಂಟು. ನೀವೂ ಬನ್ನಿ.”

ಬೆಳಗ್ಗೆ ಅವರು ಸಾಲಿನ ಕೊನೆಯಲ್ಲಿ ನಿಂತು ಹಗ್ಗ ಹಿಡಿದರು. ಅಂಗೈ ಕೆಂಪಾಯಿತು, ಎರಡು ಸಲ ಮುಗ್ಗರಿಸಿದರು, ಹುಡುಗರು ನಕ್ಕರು. ಬಲೆ ದಡಕ್ಕೆ ಬಂದಾಗ ಎಲ್ಲರಂತೆ ಅವರಿಗೂ ಪಾಲು ಬಂತು: ಎಂಟು ಬಂಗುಡೆ ಮೀನು. ಅವನ್ನು ಹೇಗೆ ಹಸನು ಮಾಡಬೇಕೆಂದು ಜಯನಗರದಲ್ಲಿ ಯಾರೂ ಅವರಿಗೆ ಕಲಿಸಿರಲಿಲ್ಲ. ಮೀನನ್ನು ಮುದುಕಿಯ ಕೈಗೆ ಕೊಟ್ಟು, ಅವಳ ಜಗಲಿಯಲ್ಲೇ ಗಂಜಿ ಉಂಡು ಹೊರಟರು.

ಮುಂದಿನ ಹಾದಿಯಲ್ಲಿ ಅವರ ವೇಗ ತಗ್ಗಿತು. ಭಟ್ಕಳವನ್ನು ದಾಟಿ ಹೊನ್ನಾವರಕ್ಕೆ ಬಂದರು. 14ನೆಯ ಶತಮಾನದಲ್ಲಿ, ಜಿಬ್ರಾಲ್ಟರ್ ಜಲಸಂಧಿಯ ದಡದ ಟಾಂಜಿಯರಿನಿಂದ ಹೊರಟ ಇಬ್ನ್ ಬತೂತ ಈ ಊರನ್ನು ಕಂಡಿದ್ದನು. ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುವೆಂದು ಬೆರಗಿನಿಂದ ಬರೆದಿದ್ದಾನೆ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯ ದಾರಿಯಲ್ಲಿ ಅರ್ಧರ್ಧ ಮೈಲಿಗೊಂದು ಮರದ ಚಾವಡಿ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲೊಬ್ಬ ಮನುಷ್ಯ ಇದ್ದುದನ್ನೂ ಹೇಳುತ್ತಾನೆ. ತನ್ನ ಮತದವರಿಗೆ ಪಾತ್ರೆ ಕೊಡದೆ ಬೊಗಸೆಗೆ ನೀರು ಹೊಯ್ಯುತ್ತಿದ್ದರೆಂಬುದನ್ನೂ ಅವನು ಮುಚ್ಚಿಟ್ಟಿಲ್ಲ. ನೀರಿನಲ್ಲಿಯೂ ಭೇದವಿತ್ತು, ಆದರೆ ಭೇದವೆಣಿಸಿದವರೂ ನೀರಿಲ್ಲವೆನ್ನಲಿಲ್ಲ. ರಾಮನವಮಿಯ ದಿನ ಜಯನಗರ, ಬನಶಂಕರಿಗಳ ಬೀದಿಯಲ್ಲಿ ಹಾದುಹೋಗುವವರನ್ನೆಲ್ಲ ನಿಲ್ಲಿಸಿ ಪಾನಕ ಮಜ್ಜಿಗೆ ಕೊಡುವಾಗ ಈ ಹಳೆಯ ಅರವಟ್ಟಿಗೆಯೇ ಒಂದು ದಿನದ ಮಟ್ಟಿಗೆ ಎದ್ದು ಬರುತ್ತದೆ.

ಅಂದಿನಿಂದ ರಾತ್ರಿ ತಂಗಲು ಅವರು ಲಾರಿಗಳು ನಿಲ್ಲುವ ತಾಣಗಳನ್ನೇ ಹುಡುಕಿದರು. ಗಾಲಿಯ ಮೇಲಿನ ಮನೆಯ ನಿಜವಾದ ಒಡೆಯರು ಲಾರಿ ಚಾಲಕರು. ಅವರು ಅಲ್ಲೇ ಅಡುಗೆ ಮಾಡುತ್ತಾರೆ, ಅಲ್ಲೇ ಮಲಗುತ್ತಾರೆ. ತಿಂಗಳುಗಟ್ಟಲೆ ಊರು ಕಾಣುವುದಿಲ್ಲ. ಎಲ್ಲಿ ನೀರು ಸಿಹಿ, ಎಲ್ಲಿ ಗುಡ್ಡ ಕುಸಿಯುವ ಭಯ, ಎಲ್ಲವೂ ಬಾಯಿಂದ ಬಾಯಿಗೆ ಸಾಗುತ್ತದೆ. ಅಂಕೋಲೆಯ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಬದಿಯ ಗುಡ್ಡ ಜರಿದು ಚಹದಂಗಡಿಯೊಂದು ಮಣ್ಣುಪಾಲಾಯಿತು. ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಚಾಲಕನ ದೇಹ ಅದರೊಳಗೇ ಇತ್ತು. ಆ ಜಾಗ ಬಂದಾಗ ಮುಂದಿದ್ದ ಲಾರಿಗಳು ಒಂದೊಂದಾಗಿ ನಿಧಾನವಾದುವು. ಎಂಜಿನಿಯರರೂ ನಿಧಾನಿಸಿದರು.

ಕಾರವಾರದಲ್ಲಿ ಕಾಳಿ ನದಿ ಅಗಲವಾಗಿ ಕಡಲಿಗೆ ಸೇರುತ್ತದೆ. ಅದರ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಆ ಹೊತ್ತಿಗೆ ಸರಿಯಾಗಿ ಒಂಟಿ ಲಾರಿಯೊಂದು ಅದರ ಮೇಲಿತ್ತು. ಕತ್ತಲೆಯ ನೀರಿಗೆ ಬಿದ್ದು, ಮುಳುಗುತ್ತಿದ್ದ ಲಾರಿಯ ಮೇಲೇರಿ ಕುಳಿತಿದ್ದ ತಮಿಳುನಾಡಿನ ಚಾಲಕನನ್ನು ಪೊಲೀಸರೂ ಸ್ಥಳೀಯ ಮೀನುಗಾರರೂ ದೋಣಿಯಲ್ಲಿ ಹೋಗಿ ದಡಕ್ಕೆ ತಂದರು. ಹೊಸ ಸೇತುವೆಯ ಮೇಲೆ ಸಾಗುವಾಗ ಎಂಜಿನಿಯರರು ಕೆಳಗಿನ ದೋಣಿಗಳನ್ನು ನೋಡಿದರು.

ಮಾಜಾಳಿಯಲ್ಲಿ ಅವರ ನೀರಿನ ತೊಟ್ಟಿ ಬರಿದಾಗಿತ್ತು. ಇನ್ನು ಸ್ವಲ್ಪ ದೂರದಲ್ಲೇ ಗೋವೆಯ ಗಡಿ. ರಸ್ತೆಯಂಚಿನ ಒಂದು ಮನೆಯ ಮುಂದೆ ವ್ಯಾನು ನಿಲ್ಲಿಸಿ, ಬಾವಿಯ ಬಳಿ ಇದ್ದ ಗೃಹಿಣಿಯನ್ನು, “ಅಕ್ಕಾ, ಒಂದಿಷ್ಟು ನೀರು ಸಿಕ್ಕೀತೇ?” ಎಂದು ಕೇಳಿದರು. ಅವರು ಹಗ್ಗವನ್ನು ಕೆಳಗಿಟ್ಟು, ಒಳಗಿನಿಂದ ಬೆಲ್ಲವನ್ನೂ ಒಂದು ತಂಬಿಗೆ ನೀರನ್ನೂ ತಂದು ಜಗಲಿಯ ಮೇಲಿಟ್ಟರು. ಕೊಂಕಣಿ ಬೆರೆತ ಕನ್ನಡದಲ್ಲಿ ಊರು, ಮನೆ, ಮಕ್ಕಳು ಎಂದು ಒಂದೊಂದಾಗಿ ಕೇಳತೊಡಗಿದರು. ಎಂಜಿನಿಯರರು ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕುಳಿತು, ಬೆಲ್ಲ ಬಾಯಿಗೆ ಹಾಕಿಕೊಂಡು ಉತ್ತರ ಹೇಳಲು ಮೊದಲು ಮಾಡಿದರು.