ಧೂಳು ಮೆತ್ತಿದ ಮುಖ

ನಮ್ಮ ಮಾತುಗಳಲ್ಲಿ ಮಣ್ಣಿಗೂ ಧೂಳಿಗೂ ಹೆಚ್ಚಿನ ಗೌರವವಿಲ್ಲ. ವಂಚಕನು ಕಣ್ಣಿಗೆ ಮಣ್ಣೆರಚುತ್ತಾನೆ. ಸೋತವನು ಮಣ್ಣು ಮುಕ್ಕುತ್ತಾನೆ. ವ್ಯರ್ಥವಾದ ದುಡಿಮೆಯು ಮಣ್ಣುಪಾಲಾಗುತ್ತದೆ. ಅರಬಿಯಲ್ಲಿ ‘ತುರಾಬ್’ ಎಂಬ ಒಂದೇ ಪದವು ಮಣ್ಣನ್ನೂ ಧೂಳನ್ನೂ ಸೂಚಿಸುತ್ತದೆ. ಮಾನವನ ಸೃಷ್ಟಿಯ ಕುರಿತು ಹೇಳುವಾಗ ಪವಿತ್ರ ಕುರ್‌ಆನ್ ಬಳಸಿರುವ ಪದಗಳಲ್ಲಿ ಅದೂ ಒಂದು. ಈ ಪದದ ಅರ್ಥವನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ, ನನ್ನ ತಂದೆಯವರಿಂದ ಕಲಿತೆ.

ತಂದೆಯವರು ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುತ್ತಿದ್ದರು. ಸಂಜೆ ಮನೆಗೆ ಮರಳುವಾಗ ಅವರ ಹುಬ್ಬು, ಗಡ್ಡ, ಅಂಗಿ ಎಲ್ಲವೂ ಕೆಂಪಾಗಿರುತ್ತಿದ್ದವು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಶುಲ್ಕ ಕಟ್ಟಲು ಅವರು ಕೋರೆಯಿಂದ ನೇರವಾಗಿ ಶಾಲೆಗೆ ಬಂದರು. ‘ಅವರು ಯಾರು?’ ಎಂದು ಸಹಪಾಠಿಯೊಬ್ಬ ಕೇಳಿದ. ‘ನಮ್ಮ ಮನೆಯ ಕೆಲಸದವರು’ ಎಂದುಬಿಟ್ಟೆ. ಆ ಮಾತು ತಂದೆಯವರ ಕಿವಿಗೆ ಬಿದ್ದಿತ್ತು. ಅವರು ಏನೂ ಹೇಳದೆ ಹಣ ಕಟ್ಟಿ ಹೊರಟುಹೋದರು. ಮುಂದೆ ಎಂದೂ ಅದನ್ನು ಪ್ರಸ್ತಾಪಿಸಲಿಲ್ಲ.

ವರ್ಷಗಳ ಬಳಿಕ ಒಂದು ಹದೀಸ್ ನನ್ನನ್ನು ನಡುಗಿಸಿತು. ವೃದ್ಧಾಪ್ಯದಲ್ಲಿ ತಂದೆತಾಯಿಯರನ್ನು, ಅವರಲ್ಲೊಬ್ಬರನ್ನಾದರೂ, ಪಡೆದೂ ಅವರ ಮೂಲಕ ಸ್ವರ್ಗವನ್ನು ಗಳಿಸದವನ ಮೂಗು ಮಣ್ಣುಗೂಡಲಿ ಎಂದು ಪ್ರವಾದಿ(ಸ) ಮೂರು ಬಾರಿ ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ತಂದೆಯ ಮೈಮೇಲಿನ ಧೂಳಿಗೆ ನಾಚಿದ ನನ್ನ ಮೂಗೇ ಧೂಳಿಗೆ ಅರ್ಹವಾಗಿತ್ತು.

ಪ್ರವಾದಿವರ್ಯರ(ಸ) ದೃಷ್ಟಿಯಲ್ಲಿ ದುಡಿಮೆಯ ಧೂಳು ಅವಮಾನವಾಗಿರಲಿಲ್ಲ. ಮದೀನಾದ ರಕ್ಷಣೆಗಾಗಿ ಕಂದಕ ತೋಡುವಾಗ ಅವರು ಸ್ವತಃ ಮಣ್ಣು ಹೊತ್ತರು. ಅವರ ಹೊಟ್ಟೆಯ ಚರ್ಮವನ್ನು ಧೂಳು ಮುಚ್ಚಿತ್ತೆಂದು ಅದನ್ನು ಕಂಡ ಸಹಾಬಿ ವರದಿ ಮಾಡಿದ್ದಾರೆ. ಒಮ್ಮೆ ಹಝ್ರತ್ ಅಲೀ(ರ) ಮನೆಯಲ್ಲಿ ಮನಸ್ತಾಪವಾಗಿ ಮಸೀದಿಯಲ್ಲಿ ಮಲಗಿದ್ದರು. ಹೊದಿಕೆ ಜಾರಿ ಬೆನ್ನಿಗೆ ಮಣ್ಣು ಮೆತ್ತಿತ್ತು. ಪ್ರವಾದಿ(ಸ) ತಮ್ಮ ಕೈಯಿಂದಲೇ ಅದನ್ನು ಒರೆಸಿ, ‘ಅಬೂ ತುರಾಬ್’ ಎಂದು ಕರೆದು ಎಬ್ಬಿಸಿದರು. ಅಲೀಯವರಿಗೆ(ರ) ತಮ್ಮ ಹೆಸರುಗಳಲ್ಲೆಲ್ಲ ಅದೇ ಅತ್ಯಂತ ಪ್ರಿಯವಾಗಿತ್ತು. ಧೂಳನ್ನು ಕಂಡು ನಾನು ದೂರ ಸರಿದಿದ್ದೆ. ಅಲ್ಲಾಹನ ಸಂದೇಶವಾಹಕರು(ಸ) ಹತ್ತಿರ ಬಂದು ಒರೆಸಿದ್ದರು.

ತಂದೆಯವರು ಕೊನೆಯ ಕಾಯಿಲೆಯಲ್ಲಿ ಹಾಸಿಗೆ ಹಿಡಿದಾಗ, ಮೈಗೆ ನೀರು ತಾಗಿಸಬಾರದೆಂದು ವೈದ್ಯರು ಸೂಚಿಸಿದ್ದರು. ನಮಾಝ್ ಬಿಡಲು ಅವರು ಒಪ್ಪಲಿಲ್ಲ. ನೀರು ಸಿಗದವರಿಗೂ ಅದನ್ನು ಬಳಸಲಾಗದ ರೋಗಿಗಳಿಗೂ ಅಲ್ಲಾಹನು ತಯಮ್ಮುಮ್‌ನ ರಿಯಾಯಿತಿ ನೀಡಿದ್ದಾನೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕೆ ಧೂಳಿರುವ ಶುದ್ಧ ಮಣ್ಣೇ ಬೇಕು. ಮನೆಯ ಹಿಂದಿನ ಗುಡ್ಡೆಯಿಂದ ಒಣಮಣ್ಣು ತಂದೆ. ಅದೇ ಕೆಂಪು ಧೂಳು! ಅವರು ನಿಯ್ಯತ್ ಮಾಡಿದರು. ನಾನು ಅಂಗೈಗಳನ್ನು ಮಣ್ಣಿಗೆ ತಟ್ಟಿ ಅವರ ಮುಖವನ್ನು ಸವರಿದೆ. ಮತ್ತೊಮ್ಮೆ ತಟ್ಟಿ ಮೊಣಕೈಗಳವರೆಗೆ ಸವರಿದೆ. ಯಾವುದನ್ನು ನಾನು ಕೊಳೆಯೆಂದು ಭಾವಿಸಿದ್ದೆನೋ ಅದನ್ನೇ ನನ್ನ ಪ್ರಭು ಶುದ್ಧೀಕರಣದ ಸಾಧನವನ್ನಾಗಿ ಮಾಡಿದ್ದನು.

ನಮಾಝ್ ಮುಗಿದ ಬಳಿಕ ಆ ದಿನದ ಮಾತನ್ನೆತ್ತಿ ಕ್ಷಮೆ ಕೇಳಿದೆ. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ‘ನಾನು ಅಂಗಿ ಬದಲಿಸಿ ಬರಬೇಕಿತ್ತು ಮಗಾ’ ಎಂದರು. ತಪ್ಪನ್ನು ಅಂದೂ ಅವರು ನನ್ನ ಮೇಲೆ ಹೊರಿಸಲಿಲ್ಲ.

ಕೆಲವೇ ವಾರಗಳಲ್ಲಿ ಅವರನ್ನು ಮಣ್ಣು ಮಾಡಿದೆವು. ಖಬರಿಗೆ ಮೂರು ಹಿಡಿ ಮಣ್ಣು ಹಾಕುವಾಗ, ಇದರಿಂದಲೇ ಸೃಷ್ಟಿ, ಇದರೊಳಗೇ ಮರಳುವಿಕೆ, ಇದರಿಂದಲೇ ಮತ್ತೆ ಎಬ್ಬಿಸುವಿಕೆ ಎಂಬ ಸತ್ಯವು ನಾಲಗೆಯಿಂದ ಹೃದಯಕ್ಕಿಳಿಯಿತು. ಅಂದು ನನ್ನ ಬಟ್ಟೆಗೆ ಮೆತ್ತಿದ ಮಣ್ಣನ್ನು ಕೊಡವಲು ಮನಸ್ಸಾಗಲಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಕೆಲವರ ಕರ್ಮಗಳು ಪರಲೋಕದಲ್ಲಿ ಚದುರಿದ ಧೂಳಾಗುವುವೆಂದು ಕುರ್‌ಆನ್ ಎಚ್ಚರಿಸಿದೆ. ಭಯಪಡಬೇಕಾದದ್ದು ಆ ಧೂಳಿಗೆ. ಹೆತ್ತವರ ಬೆವರಿಗಂಟಿದ ಧೂಳಿಗಲ್ಲ. ನಿಮ್ಮ ಮನೆಗೆ ಧೂಳು ಮೆತ್ತಿಕೊಂಡು ಮರಳುವ ತಂದೆಯೊಬ್ಬರಿದ್ದರೆ ಇಂದೇ ಬಾಗಿಲಿಗೆ ಹೋಗಿ ಸಲಾಮ್ ಹೇಳಿರಿ. ಕ್ಷಮೆ ಕೇಳುವುದಿದ್ದರೆ ಕಾಯಿಲೆಯ ಹಾಸಿಗೆಯವರೆಗೆ ಕಾಯಬೇಡಿರಿ. ಅಲ್ಲಾಹನು ನಮ್ಮೆಲ್ಲರ ಮಾತಾಪಿತರ ಮೇಲೆ ಕರುಣೆ ತೋರಲಿ. ಆಮೀನ್.