ಗಾಳಿ ತೆಗೆಯುವ ಕೆಲಸ

ಕನ್ನಡದಲ್ಲಿ ನಾವು ಏನನ್ನು ಬೇಕಾದರೂ ಹೊಡೆಯುತ್ತೇವೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಗದ್ದೆಗೆ ಔಷಧಿ ಹೊಡೆಯುತ್ತೇವೆ, ಉಂಡು ನಿದ್ದೆ ಹೊಡೆಯುತ್ತೇವೆ, ಹೀಗೆ ಕೂತು ಹರಟೆಯನ್ನೂ ಹೊಡೆಯುತ್ತೇವೆ. ಸ್ಕೂಟರಿನ ಟೈರಿಗೆ ಗಾಳಿ ಹೊಡೆಸುತ್ತೇವೆ. ಎಸಿ, ಫ್ರಿಜ್ ಕೆಲಸದವರಾದ ನಾವು ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಗೆ ಎಳೆದುಹಾಕುವುದಕ್ಕೂ ‘ವ್ಯಾಕ್ಯೂಮ್ ಹೊಡೆಯೋದು’ ಅಂತಲೇ ಅನ್ನುತ್ತೇವೆ. ತುಂಬುವುದಕ್ಕೂ ಹೊಡಿ, ತೆಗೆಯುವುದಕ್ಕೂ ಹೊಡಿ. ಹೊಡೆಯುವ ಕೆಲಸ ಅಂದಕೂಡಲೇ ಕೈಗೆ ಅವಸರ ಬಂದುಬಿಡುತ್ತದೆ. ಇದು ಅವಸರದ ಕೆಲಸವೇ ಅಲ್ಲ ಅನ್ನುವುದನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊನ್ನೆ ಚಾಮರಾಜಪೇಟೆಯಲ್ಲಿ ಒಂದು ಮನೆ. ಬಾಡಿಗೆ ಮನೆ ಬದಲಿಸಿ ಬಂದವರು, ಹಳೆಯ ಎಸಿಯನ್ನು ಇಲ್ಲಿ ಮತ್ತೆ ಕೂರಿಸಬೇಕಿತ್ತು. ಗೋಡೆ ಕೊರೆದು, ಪೈಪ್ ಎಳೆದು, ಪಂಪ್ ಹಚ್ಚಿ ನಾನೂ ನಮ್ಮ ಹುಡುಗನೂ ಕೂತಿದ್ದೆವು. ಮನೆಯ ಅಮ್ಮ ಎರಡು ಸಲ ಬಂದು ನೋಡಿದರು. ಮೂರನೆಯ ಸಲ ಕಾಫಿ ಕೊಟ್ಟು ಕೇಳಿಯೇಬಿಟ್ಟರು: “ಏನಪ್ಪಾ, ಸುಮ್ನೆ ಕೂತಿದೀರಲ್ಲ? ಹಿಂದಿನ ಮನೇಲಿ ಹಾಕಿದೋರು ಹತ್ತು ನಿಮಿಷಕ್ಕೆ ಮುಗಿಸಿ ಹೋದ್ರು.”

ಅವರು ಹೇಗೆ ಮುಗಿಸಿದರು ಅನ್ನುವುದು ನನಗೆ ಗೊತ್ತು. ಹೊರಗಿನ ಯೂನಿಟ್ಟಿನಲ್ಲಿ ಇರುವ ಗ್ಯಾಸನ್ನೇ ಒಂದಿಷ್ಟು ಪೈಪಿಗೆ ಬಿಟ್ಟು, ಇನ್ನೊಂದು ತುದಿಯಿಂದ ಗಾಳಿಯನ್ನು ಓಡಿಸಿಬಿಡುತ್ತಾರೆ. ಸುಯ್ ಅಂದರೆ ಆಯಿತು. ಹೀಗೆ ಆಕಾಶಕ್ಕೆ ಬಿಟ್ಟ ಆರ್-32 ಗ್ಯಾಸು, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 675 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೆ ಬೆಂಕಿಯೂ ಹತ್ತುತ್ತದೆ. ಇಷ್ಟಾದರೂ ಗಾಳಿ ಹೋಯಿತೇ ಹೊರತು ಪೈಪಿನ ಒಳಮೈಗೆ ಅಂಟಿದ ನೀರಿನ ಪಸೆ ಅಲ್ಲೇ ಉಳಿಯಿತು.

ಆ ಪಸೆಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಕೆಲಸ ಕಲಿತದ್ದು ಮಂಗಳೂರಿನಲ್ಲಿ. ಆಟಿಯ ಮಳೆಯಲ್ಲಿ ಅಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟರೆ ಸಂಜೆಗೆ ಉಪ್ಪು ನೀರೊಡೆದಿರುತ್ತದೆ. ಈಗಿನ ಆರ್-32, ಆರ್-410ಎ ಕಂಪ್ರೆಸರುಗಳಲ್ಲಿರುವ ಎಣ್ಣೆಯೂ ಅದೇ ಜಾತಿ, ಗಾಳಿಯಿಂದ ನೀರು ಹೀರುತ್ತದೆ. ಒಳಗೆ ಬಿಸಿಗೆ ಸಿಕ್ಕಿ ಆ ನೀರೂ ಎಣ್ಣೆಯೂ ಕೂಡಿದರೆ ಆಮ್ಲವಾಗುತ್ತದೆ. ಆಮ್ಲ ಮೋಟಾರಿನ ಸುರುಳಿಯ ಮೇಲಿನ ವಾರ್ನಿಶನ್ನು ತಿನ್ನುತ್ತದೆ. ಎರಡು ಬೇಸಿಗೆ ಓಡಿ ಮೂರನೆಯದಕ್ಕೆ ಕಂಪ್ರೆಸರ್ ಸುಟ್ಟಿತು ಅಂತ ಜನ ಕಂಪನಿಯನ್ನು ಬೈಯುತ್ತಾರೆ. ತಪ್ಪು ಎಷ್ಟೋ ಸಲ ಆ ಹತ್ತು ನಿಮಿಷದ್ದಾಗಿರುತ್ತದೆ.

ನೀರನ್ನು ಒರೆಸಿ ತೆಗೆಯಲು ಬರುವುದಿಲ್ಲ, ಕುದಿಸಿಯೇ ತೆಗೆಯಬೇಕು. ಬೆಂಕಿ ಹಚ್ಚದೆ ಕುದಿಸುವ ಉಪಾಯವೇ ಪಂಪು. ಒತ್ತಡ ಇಳಿದಷ್ಟೂ ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಅದನ್ನು 24ಕ್ಕೆ ಇಳಿಸಿದರೆ 25 ಡಿಗ್ರಿಯ ತಣ್ಣೀರೇ ಕುದಿಯತೊಡಗುತ್ತದೆ.

ಬೆಂಗಳೂರಿಗೆ ಬಂದ ಹೊಸತರಲ್ಲಿ ಇದೇ ವಿಷಯಕ್ಕೆ ಒಂದು ಪಂಪನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದೇನೆ. ಮಂಗಳೂರಿನಲ್ಲಿ ಗೇಜಿನ ಮುಳ್ಳು ಹೆಚ್ಚುಕಡಿಮೆ 30 ಇಂಚಿನವರೆಗೆ ಇಳಿಯುತ್ತಿತ್ತು. ಇಲ್ಲಿ 27ಕ್ಕೆ ನಿಂತುಬಿಡುತ್ತಿತ್ತು. ಪಂಪಿನ ಎಣ್ಣೆ ಬದಲಿಸಿದೆ, ಹೋಸ್ ಬದಲಿಸಿದೆ, 27 ಅಂದರೆ 27. ಪಂಪಿಗೆ ಏನೂ ಆಗಿರಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲೆ ಇದೆ. ನಮ್ಮ ತಲೆಯ ಮೇಲಿನ ಗಾಳಿಯೇ ಇಲ್ಲಿ ಅಷ್ಟು ಕಡಿಮೆ. ಇರುವುದು 27 ಇಂಚಿನಷ್ಟಾದರೆ 30 ಎಲ್ಲಿಂದ ತೆಗೆಯುವುದು?

ಅಂದಿನಿಂದ ನಾನು ಮುಳ್ಳಿನ ಗೇಜನ್ನು ನಂಬಿ ವ್ಯಾಕ್ಯೂಮ್ ಮುಗಿಸಿಲ್ಲ. ನೀರು ಕುದಿದು ಹೋಗುವ ಆಟವೆಲ್ಲ ನಡೆಯುವುದು ಆ ಮುಳ್ಳಿನ ಕೊನೆಯ ಒಂದು ಇಂಚಿನೊಳಗೆ, ಅದು ಕಣ್ಣಿಗೆ ಕಾಣುವುದಿಲ್ಲ. ಮೈಕ್ರಾನ್ ಗೇಜ್ ಬೇಕು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್, ಅಂದರೆ ಶುರುವಾಗುವುದು ಏಳು ಲಕ್ಷದ ಲೆಕ್ಕದಿಂದ, ಮುಟ್ಟಬೇಕಾದದ್ದು 500. ಮಂಗಳೂರಾಗಲಿ ಮಡಿಕೇರಿಯಾಗಲಿ, 500 ಅಂದರೆ 500.

ಒಂದು ಎಚ್ಚರ. ಪೈಪಿನಲ್ಲಿ ನೀರು ಜಾಸ್ತಿ ಇದ್ದಾಗ ದೊಡ್ಡ ಪಂಪಿನಿಂದ ರಭಸವಾಗಿ ಎಳೆದರೆ, ಕುದಿಯುವ ನೀರೇ ಶಾಖ ಕಳೆದುಕೊಂಡು ಮಂಜುಗಡ್ಡೆಯಾಗುತ್ತದೆ. ಎಡಿನ್‌ಬರೋದ ಜಾನ್ ಲೆಸ್ಲಿ 1810ರಲ್ಲಿ ಪಂಪಿನಿಂದ ಗಾಳಿ ತೆಗೆದು, ಆವಿಯನ್ನು ಗಂಧಕಾಮ್ಲಕ್ಕೆ ಹೀರಿಸಿ, ಬೇಕೆಂದೇ ಹೀಗೆ ನೀರನ್ನು ಹೆಪ್ಪುಗಟ್ಟಿಸಿದ. ಅವನಿಗೆ ಅದು ಗೆಲುವು, ನಮಗೆ ಅದು ಒಳಗೆ ಅಡಗಿದ ಕಳ್ಳ. ಅದಕ್ಕೇ ನಡುವೆ ಪಂಪ್ ನಿಲ್ಲಿಸಿ, ಒಣ ನೈಟ್ರೋಜನ್ ತುಂಬಿ, ಮತ್ತೆ ಎಳೆಯಬೇಕು. ನೈಟ್ರೋಜನ್ ಸಿಗಲಿಲ್ಲವೆಂದು ಆಕ್ಸಿಜನ್ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಕಂಪ್ರೆಸರ್ ಎಣ್ಣೆಯೂ ಒತ್ತಡದ ಆಕ್ಸಿಜನ್ನೂ ಸೇರಿದರೆ ಬಾಂಬು.

ಇನ್ನು ವಾಲ್ವ್. ದಪ್ಪ ಪೈಪಿನ ಪಕ್ಕದ ಮೂತಿಯಲ್ಲಿ ಒಂದು ಸಣ್ಣ ಪಿನ್ ಇರುತ್ತದೆ, ಸ್ಕೂಟರ್ ಟೈರಿನ ವಾಲ್ವ್ ಪಿನ್ನಿನ ತಮ್ಮನ ಹಾಗೆ. ರೂಪ ಒಂದೇ ಆದರೂ ರಬ್ಬರ್ ಬೇರೆ, ಅದನ್ನು ಇದಕ್ಕೆ ಹಾಕಬಾರದು. ಹೋಸಿನ ತುದಿಯನ್ನು ಓರೆಯಾಗಿ ತಿರುಗಿಸಿದರೆ ಅದರೊಳಗಿನ ಸೂಜಿ ಈ ಪಿನ್ನನ್ನು ಬಗ್ಗಿಸಿಬಿಡುತ್ತದೆ. ಆಮೇಲೆ ಗ್ಯಾಸು ತಿಂಗಳುಗಟ್ಟಲೆ ಒಸರುತ್ತದೆ. ಪಿನ್ ತೆಗೆಯುವ ಟೂಲ್ ಹಾಕಿ, ಪಿನ್ನನ್ನೇ ಹಿಂದಕ್ಕೆ ಎಳೆದಿಟ್ಟು ವ್ಯಾಕ್ಯೂಮ್ ಮಾಡುವುದು ನನ್ನ ಪದ್ಧತಿ. ಪಿನ್ನಿಗೂ ಕ್ಷೇಮ, ದಾರಿಯೂ ಅಗಲವಾಗಿ ಕೆಲಸ ಬೇಗ ಆಗುತ್ತದೆ. ಹತ್ತಿರದಲ್ಲಿ ಬ್ರೇಜಿಂಗ್ ಇದ್ದರಂತೂ ಪಿನ್ ಹೊರಗೆ, ವಾಲ್ವಿಗೆ ಒದ್ದೆ ಬಟ್ಟೆ. ಒಮ್ಮೆ ಒದ್ದೆ ಬಟ್ಟೆ ಸುತ್ತದೆ ಜ್ವಾಲೆ ಹಿಡಿದು ಒಂದು ವಾಲ್ವಿನ ಸೀಲನ್ನು ಕರಗಿಸಿದ್ದೇನೆ. ಆ ಮನೆಗೆ ಮತ್ತೆ ಹೋಗಿ, ವಾಲ್ವನ್ನೇ ಬದಲಿಸಿ ಬಂದೆ.

ಕೋಲ್ಡ್ ಸ್ಟೋರೇಜಿನಂಥ ದೊಡ್ಡ ಕಡೆ ಸಾಲೆನಾಯ್ಡ್ ವಾಲ್ವ್ ಮುಚ್ಚಿದ್ದರೆ ಅದರಾಚೆಗಿನ ಪೈಪು ಖಾಲಿಯಾಗದೆ ಉಳಿಯಬಹುದು, ಮೊದಲೇ ಅಯಸ್ಕಾಂತ ಇಟ್ಟು ತೆರೆದುಕೊಳ್ಳಬೇಕು. ಪಂಪ್ ಇಲ್ಲವೆಂದು ಕಂಪ್ರೆಸರನ್ನೇ ಓಡಿಸಿ ಗಾಳಿ ಎಳೆಯಬಾರದು. ಅದರ ಮೋಟಾರು ತಣ್ಣಗಿರುವುದೇ ಗ್ಯಾಸಿನಿಂದ.

ಆ ಅಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಮೈಕ್ರಾನ್ ಗೇಜ್ ತೋರಿಸಿ, “ಅಮ್ಮಾ, ಈ ನಂಬರ್ ಐನೂರರ ಕೆಳಗೆ ಬರ್ಬೇಕು, ಬಂದು ನಿಲ್ಬೇಕು, ಅಲ್ಲೀವರೆಗೂ ನಾವು ಹೋಗೋ ಹಾಗಿಲ್ಲ” ಅಂದೆ. ಅವರು ಕುರ್ಚಿ ತಂದು ಪಕ್ಕದಲ್ಲೇ ಕೂತರು. 410 ಬಂತು. ಮೊದಲು ಗೇಜಿನ ಕಡೆಯ ವಾಲ್ವ್ ಮುಚ್ಚಿಸಿ ಆಮೇಲೆ ಪಂಪ್ ಆರಿಸಿದೆ, ಹಿಂದುಮುಂದಾದರೆ ಪಂಪಿನ ಎಣ್ಣೆ ಒಳಗೆ ಹೋಗಬಹುದು. ಅಂಕಿ ಏರಿ ಒಂದು ಕಡೆ ನಿಂತರೆ ಒಳಗೆ ಇನ್ನೂ ಪಸೆ, ಏರುತ್ತಲೇ ಹೋದರೆ ಎಲ್ಲೋ ಲೀಕು. ಹದಿನೈದು ನಿಮಿಷ ಕಾದೆವು. 440 ಆಯಿತು, ಅಲ್ಲೇ ನಿಂತಿತು. ಇಷ್ಟು ಏರಿದ್ದು ಲೆಕ್ಕಕ್ಕಿಲ್ಲ.

ಹುಡುಗ ಹೊರಗಿನ ಯೂನಿಟ್ಟಿನ ವಾಲ್ವಿಗೆ ಆಲನ್ ಕೀ ಹಾಕಿ ತಿರುಗಿಸಿದ. ಒಳಗೆ ಗ್ಯಾಸ್ ಹರಿದ ಸದ್ದು ಕೇಳಿಸಿತು. “ಅಣ್ಣಾ, ಇನ್ನೂ ತಿರುಗ್ಸ್ಲಾ?” ಅಂದ. “ಕೈಗೆ ಅಡ್ಡ ಸಿಕ್ತಾ?” “ಸಿಕ್ತು.” “ಸಾಕು, ಬಿಡು.” ಪಿನ್ನನ್ನು ಒಳಗೆ ಕೂರಿಸಿ, ಹಿತ್ತಾಳೆಯ ಕ್ಯಾಪುಗಳನ್ನು ಬಿಗಿದು, ಅಮ್ಮ ಕೊಟ್ಟ ಬಟ್ಟಲಿನಲ್ಲಿ ಸೋಪು ಕಲಸಿ ನಟ್ಟುಗಳಿಗೆಲ್ಲ ಹಚ್ಚಿದ. ಮೂವರೂ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.