ಕೊರಿಯನ್ ಆಡುಮಾತಿನಲ್ಲಿ ಗೌರವದ ಎರಡು ನೆಲೆಗಳು

ಕೊರಿಯನ್ ಭಾಷೆಯಲ್ಲಿ ಒಂದು ಮಾತನ್ನು ಮುಗಿಸುವ ಮೊದಲು, ಎದುರಿಗಿರುವವರು ತನಗೆ ಹಿರಿಯರೋ ಸಮಾನರೋ ಕಿರಿಯರೋ ಎಂಬುದನ್ನು ಮಾತಾಡುವವನು ನಿರ್ಧರಿಸಿಕೊಂಡಿರಬೇಕು. ಆ ನಿರ್ಧಾರ ಕ್ರಿಯಾಪದದ ಕೊನೆಯಲ್ಲಿ ಪ್ರಕಟವಾಗುತ್ತದೆ. 'ಹೋಗುತ್ತಾನೆ' ಎಂಬುದನ್ನು ಗೆಳೆಯನಿಗೆ ಹೇಳುವಾಗ 'ಕಾ' ಎಂದರೆ ಸಾಕು. ಗುರುಗಳಿಗೆ ಹೇಳುವಾಗ 'ಯೊ' ಸೇರಿ 'ಕಾಯೊ' ಆಗುತ್ತದೆ. ಸಭೆಯಲ್ಲಿ, ವಾರ್ತೆಯಲ್ಲಿ 'ಕಾಮ್‌ನಿದಾ'. ವೈಯಾಕರಣರು ಇಂಥ 6 ಸ್ತರಗಳನ್ನು ಗುರುತಿಸುವುದುಂಟು. ಅಲ್ಲಿ ಹೊಸ ಪರಿಚಯದಲ್ಲೇ ವಯಸ್ಸು ವಿಚಾರಿಸುವುದು ಬರಿಯ ಕುತೂಹಲವಲ್ಲ. ವಾಕ್ಯವನ್ನು ಹೇಗೆ ಮುಗಿಸಬೇಕೆಂಬುದಕ್ಕೆ ಅದೊಂದು ಆಧಾರ.

ಇದು ಕೇಳುವವರಿಗೆ ಸಲ್ಲುವ ಗೌರವ. ಯಾರ ವಿಷಯವಾಗಿ ಮಾತು ನಡೆದಿದೆಯೋ ಅವರಿಗೆ ಸಲ್ಲುವ ಗೌರವ ಬೇರೆ. ಅದಕ್ಕೆ ಧಾತುವಿನ ನಂತರ 'ಶಿ' ಎಂಬ ಪ್ರತ್ಯಯ ಬರುತ್ತದೆ. ಅಜ್ಜ ಹೋಗುತ್ತಾರೆಂದು ಗೆಳೆಯನಿಗೆ ಹೇಳುವವನು 'ಕಾಶ್ಯೊ' ಎನ್ನುತ್ತಾನೆ: ಇಲ್ಲಿ 'ಶಿ' ಇದೆ, ಕೊನೆಯ 'ಯೊ' ಕೇಳಿಸಿದರೂ ಅದು ಗೌರವದ 'ಯೊ' ಅಲ್ಲ, 'ಶಿ'ಯೊಡನೆ ಕೂಡಿದ ಸ್ವರ ಮಾತ್ರ. ತಮ್ಮ ಹೋಗುತ್ತಾನೆಂದು ಗುರುಗಳಿಗೆ ಹೇಳುವಾಗ ಗೌರವದ 'ಯೊ' ಇದೆ, 'ಶಿ' ಇಲ್ಲ.

ಕನ್ನಡಿಗರಿಗೆ ಈ ವ್ಯವಸ್ಥೆ ತೀರ ಅಪರಿಚಿತವೇನಲ್ಲ. 'ತಮ್ಮ ಹೋಗ್ತಾನ್ರೀ' ಎಂಬಲ್ಲಿ ತಮ್ಮನಿಗೆ ಏಕವಚನ, ಕೇಳುವವರಿಗೆ 'ರೀ'. 'ಅಜ್ಜ ಹೋಗ್ತಾರೆ ಕಣೋ' ಎಂಬಲ್ಲಿ ಅಜ್ಜನಿಗೆ ಬಹುವಚನ, ಗೆಳೆಯನಿಗೆ 'ಕಣೋ'. ವ್ಯತ್ಯಾಸವಿಷ್ಟೇ: ಕನ್ನಡದಲ್ಲಿ 'ರೀ'ಯನ್ನಾಗಲಿ 'ಕಣೋ'ವನ್ನಾಗಲಿ ಬಿಟ್ಟೂ ಮಾತಾಡಬಹುದು, ಕೊರಿಯನ್ನರಿಗೆ ಮಾತಿನಲ್ಲಿ ಅಂಥ ತಟಸ್ಥ ನೆಲೆ ಸುಲಭವಾಗಿ ದೊರೆಯದು. ಸಲಿಗೆ ಬೆಳೆದ ಮೇಲೆ 'ಯೊ' ಬಿಡಲು ಸಾಮಾನ್ಯವಾಗಿ ಹಿರಿಯರೇ ಸೂಚಿಸುತ್ತಾರೆ. ಇದಕ್ಕೆ 'ಮಾತನ್ನು ಕೆಳಗಿಡುವುದು' ಎಂಬರ್ಥದ ನುಡಿಗಟ್ಟೇ ಇದೆ. ಹೇಳದೆ ಕೇಳದೆ ಕೆಳಗಿಟ್ಟರೆ, ನಮ್ಮಲ್ಲಿ ಏಕವಚನ ಪ್ರಯೋಗಿಸಿದಾಗ ಆಗುವಂತೆ, ಜಗಳಕ್ಕೆ ಅದೇ ಕಾರಣವಾದೀತು.

ಇತ್ತೀಚೆಗೆ ಅಂಗಡಿ ಹೋಟೆಲುಗಳಲ್ಲಿ ಈ 'ಶಿ' ವಸ್ತುಗಳಿಗೂ ಅಂಟಿದೆ. ಕಾಫಿ ಸಿದ್ಧವಾದಾಗ ಕೆಲಸದವರು ಹೇಳುವ ಮಾತು, ಕನ್ನಡದಲ್ಲಿ 'ಕಾಫಿಯವರು ಬಂದಿದ್ದಾರೆ' ಎಂದಂತಿರುತ್ತದೆ. ಇದು ತಪ್ಪು ಪ್ರಯೋಗವೆಂದು ಅಲ್ಲಿಯ ರಾಷ್ಟ್ರೀಯ ಭಾಷಾ ಸಂಸ್ಥೆ ತಿಳಿಸಿದೆ. ಆದರೆ ಅದನ್ನು ಆಡುವವರಿಗೆ ವ್ಯಾಕರಣ ತಿಳಿಯದೆಂದಲ್ಲ. ಗೌರವ ಸಾಲದೆಂದು ಗಿರಾಕಿ ದೂರಿಯಾನೆಂಬ ಅಂಜಿಕೆ ಅವರಿಗಿದೆ.

ಗೌರವ ಮನುಷ್ಯರ ನಡುವಿನ ಸಂಬಂಧದ ಗುರುತು. ಅಂಜಿಕೆಯಿಂದ ಹುಟ್ಟಿದಾಗ ಅದು ಕಾಫಿಗೂ ಸಲ್ಲುತ್ತದೆ. ಕಾಫಿ ತಂದುಕೊಟ್ಟವರಿಗೆ ಸಲ್ಲುವುದೇ ಅಪರೂಪ.